ಕಡಲು ಕಾಣುವ ಮನೆಗಳವರಿಗೆ ಒಂದು ಬಹಿರಂಗ ಪತ್ರ

ಗೆ,
ಜುಹೂ–ವೆರ್ಸೋವಾ ಕಡಲತಡಿಯ ಹೌಸಿಂಗ್ ಸೊಸೈಟಿಗಳ ಕನ್ನಡಿಗ ಪದಾಧಿಕಾರಿಗಳು ಹಾಗೂ ನಿವಾಸಿಗಳು,
ಮುಂಬಯಿ.

ವಿಷಯ: ಮೀನುಗಾರರು, ಮನೆಗೆಲಸದವರು ಮತ್ತು ಕಡಲಿಗೆ ಬರುವ ಜನರ ವಿರುದ್ಧ ಸೊಸೈಟಿಗಳು ಪಾಸು ಮಾಡುತ್ತಿರುವ ಠರಾವುಗಳ ಬಗ್ಗೆ.

ಮಾನ್ಯರೇ,

ನಮಸ್ಕಾರ. ನಾನು ಜುಹೂವಿನ ಒಂದು ಹಳೆಯ ಸೊಸೈಟಿಯ ನಿವಾಸಿ. ಹುಟ್ಟಿದ್ದು ಉಡುಪಿ ಸೀಮೆಯ ಮೀನುಗಾರ ಮೊಗವೀರರ ಮನೆಯಲ್ಲಿ, ಬೆಳೆದದ್ದು ಅಂಧೇರಿಯ ಚಾಳಿನಲ್ಲಿ, ಮದುವೆಯಾಗಿ ಬಂದದ್ದು ಈ ಕಡಲತಡಿಗೆ. ಬ್ಯಾಂಕಿನಲ್ಲಿ ದುಡಿದು ನಿವೃತ್ತಳಾಗಿದ್ದೇನೆ. ಈ ಪತ್ರವನ್ನು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆಯದೆ ಕನ್ನಡದಲ್ಲಿ ಬರೆಯಲು ಕಾರಣವಿದೆ. ನಮ್ಮ ಸುತ್ತಲಿನ ಸೊಸೈಟಿಗಳ ಮ್ಯಾನೇಜಿಂಗ್ ಕಮಿಟಿಗಳಲ್ಲಿ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಎಂದು ಕೂತಿರುವವರಲ್ಲಿ ನಮ್ಮ ಜಿಲ್ಲೆಗಳವರು ಹಲವರಿದ್ದಾರೆ. ಹೋಟೆಲ್ ಕಟ್ಟಿ ಬೆಳೆಸಿದವರು, ಡಾಕ್ಟರರು, ಸಿ.ಎ.ಗಳು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಗೇರಿದವರು. ನಿಮ್ಮ ಮಾತಿಗೆ ಸಭೆಯಲ್ಲಿ ತೂಕವಿದೆ. ಆ ತೂಕ ಈಗ ಯಾವ ಕಡೆ ಬೀಳುತ್ತಿದೆ ಎಂಬುದೇ ನನ್ನ ಸಂಕಟ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಈ ಸಲ ಮಳೆಗಾಲಕ್ಕೆ ಮುಂಚೆ ನಮ್ಮ ಸೊಸೈಟಿಯ ವಿಶೇಷ ಸಾಮಾನ್ಯ ಸಭೆ ಸೇರಿತ್ತು. ಮೂರು ಠರಾವುಗಳು ಪಾಸಾದವು. ಮೀನು ಒಣಗಿಸುವ ವಾಸನೆ ಮತ್ತು ಬುಟ್ಟಿ ಹೊತ್ತು ಬರುವ ಮೀನಿನ ಹೆಂಗಸರ ವಿರುದ್ಧ ಅಕ್ಕಪಕ್ಕದ ಸೊಸೈಟಿಗಳ ಜೊತೆ ಸೇರಿ ಒಂದು ಜಂಟಿ ದೂರು ಕೊಡುವುದು. ಎರಡು ಕಂಪೌಂಡುಗಳ ನಡುವೆ ಕಡಲಿಗೆ ಇಳಿಯುವ ಗಲ್ಲಿಯ ತುದಿಗೆ ಗೇಟು ಹಾಕಿ, ಸಂಜೆಯಿಂದ ಬೆಳಗಿನವರೆಗೆ ನಿವಾಸಿಗಳಿಗೆ ಮಾತ್ರ ಕಾರ್ಡ್ ಮೂಲಕ ತೆರೆಯುವುದು. ಮನೆಗೆಲಸದವರು, ಡ್ರೈವರ್‌ಗಳು, ಪಾರ್ಸೆಲ್ ತರುವ ಹುಡುಗರು ಹಿಂದಿನ ಲಿಫ್ಟನ್ನಷ್ಟೇ ಬಳಸಬೇಕೆಂದು ಬೋರ್ಡು ಹಾಕುವುದು. ನಾನು ಮೂರಕ್ಕೂ ವಿರೋಧ ಸೂಚಿಸಿದೆ. ಕಾರ್ಯಕಲಾಪದ ಪುಸ್ತಕದಲ್ಲಿ ಬರೆಸಿದ್ದೇನೆ. ಸಭೆ ಮುಗಿದ ಮೇಲೆ ನಮ್ಮವರೇ ಒಬ್ಬರು ಬಳಿ ಬಂದು, "ಅಕ್ಕಾ, ನೀವು ಊರಿನ ಕಾಲದಲ್ಲೇ ಇದ್ದೀರಿ" ಎಂದರು. ಪಕ್ಕದ ಸೊಸೈಟಿಗಳಲ್ಲೂ ಇದೇ ಠರಾವುಗಳ ಕರಡು ಓಡಾಡುತ್ತಿದೆ ಎಂದು ಆಮೇಲೆ ತಿಳಿಯಿತು. ಹಾಗಾಗಿ ಒಬ್ಬೊಬ್ಬರ ಬಾಗಿಲು ತಟ್ಟುವ ಬದಲು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಇಲ್ಲಿ ಬದುಕುವುದು ಒಂದು ಭಾಗ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಲೋಕಲ್ ರೈಲಿನಲ್ಲಿ ಮೈಗೆ ಮೈ ಒತ್ತಿ ನಿಂತು ಬಂದವರಿಗೆ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ತಿರುಗಿ ಜುಹೂ ತಾರಾ ರಸ್ತೆಗೆ ಬರುವಷ್ಟರಲ್ಲಿ ಬೇರೆ ಗಾಳಿ ಸಿಗುತ್ತದೆ. ಬೆಳಿಗ್ಗೆ ಇಳಿತದ ಹೊತ್ತಿನಲ್ಲಿ ಗಟ್ಟಿ ಮರಳಿನ ಮೇಲೆ ಎಷ್ಟು ದೂರ ಬೇಕಾದರೂ ನಡೆಯಬಹುದು. ಮುಂಬಯಿಯ ಅದೆಷ್ಟೋ ಜನ ಹತ್ತು ಅಡಿ ಉದ್ದದ ಖೋಲಿಯಲ್ಲಿ ಜೀವನ ಕಳೆಯುವಾಗ ನಮಗೆ ಕಿಟಕಿ ತೆಗೆದರೆ ದಿಗಂತ. ಆದರೆ ಕಡಲು ತನ್ನ ಬಾಡಿಗೆಯನ್ನು ಬಿಡುವುದಿಲ್ಲ. ಉಪ್ಪುಗಾಳಿಗೆ ಕಿಟಕಿಯ ಸರಳು ಪದರ ಪದರವಾಗಿ ಉದುರುತ್ತದೆ. ಎ.ಸಿ.ಯ ಹೊರಗಿನ ಯಂತ್ರ ಕೆಲವೇ ವರ್ಷಕ್ಕೆ ತೂತು ಬೀಳುತ್ತದೆ. ಸಿಮೆಂಟಿನೊಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಬಾಲ್ಕನಿಯ ಅಡಿಯಿಂದ ಪ್ಲಾಸ್ಟರು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಜೂನ್ ಬಂತೆಂದರೆ ಗೋಡೆಯೆಲ್ಲ ಒದ್ದೆ, ಕಪಾಟಿನೊಳಗಿನ ಸೀರೆಗೆ ಬೂಷ್ಟು. ಇದನ್ನೆಲ್ಲ ನಾವು ದುರಸ್ತಿ ನಿಧಿ ಎಂದು ಲೆಕ್ಕಕ್ಕೆ ತೆಗೆದುಕೊಂಡು ಸಹಿಸುತ್ತೇವೆ, ಏಕೆಂದರೆ ಇವು ಕಡಲಿನ ಜೊತೆಗೇ ಬರುವಂಥವು. ಹಾಗಿರುವಾಗ, ಕಡಲನ್ನೇ ನಂಬಿ ಬದುಕುವ ಮನುಷ್ಯರನ್ನು ಮಾತ್ರ ಏಕೆ ಸಹಿಸಲಾರೆವು?

ಈ ಜಾಗ ನಮ್ಮ ಟವರುಗಳಿಂದ ಹುಟ್ಟಿದ್ದಲ್ಲ. ಗಾಂಧೀಜಿ 1924ರಲ್ಲಿ ಯರವಡಾ ಜೈಲಿನಿಂದ ಬಿಡುಗಡೆಯಾಗಿ, ಅಪೆಂಡಿಸೈಟಿಸ್ ಶಸ್ತ್ರಚಿಕಿತ್ಸೆಯ ನಂತರ ಚೇತರಿಸಿಕೊಳ್ಳಲು ಬಂದು ತಂಗಿದ್ದು ಜುಹೂವಿನಲ್ಲಿ. 1944ರಲ್ಲಿ ಆಗಾ ಖಾನ್ ಅರಮನೆಯ ಸೆರೆಯಿಂದ ಹೊರಬಂದಾಗಲೂ ಅವರು ಬಂದದ್ದು ಇಲ್ಲಿಗೇ. ಜೆ.ಆರ್.ಡಿ. ಟಾಟಾ 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಟಪಾಲು ಹೊತ್ತ ಪುಟ್ಟ ವಿಮಾನವನ್ನು ಇಳಿಸಿದ್ದು ನಮ್ಮ ಹಿಂಬದಿಯ ಜುಹೂ ವಿಮಾನ ನಿಲ್ದಾಣದಲ್ಲಿ. ಆಗೆಲ್ಲ ಇಲ್ಲಿದ್ದದ್ದು ತೆಂಗು, ತಾಳೆ, ಮರಳು, ಶ್ರೀಮಂತರ ಕೆಲವು ಬೇಸಗೆ ಬಂಗಲೆಗಳು ಮತ್ತು ಇಲ್ಲಿನ ಮೂಲ ಮೀನುಗಾರರಾದ ಕೋಲಿಗಳ ಊರು. ಜುಹೂ–ವಿಲೇಪಾರ್ಲೆ ವಸತಿ ಸ್ಕೀಮಿನ ಪ್ಲಾಟುಗಳು, ಸಿನಿಮಾದವರ ಮನೆಗಳು, ಪಂಚತಾರಾ ಹೋಟೆಲುಗಳು ಎಲ್ಲ ಆಮೇಲಿನವು. ಜುಹೂ ಕೋಲಿವಾಡ ಈಗಲೂ ಇದೆ, ವೆರ್ಸೋವಾ ಕೋಲಿವಾಡ ಈಗಲೂ ಇದೆ. ನಾವು ಅವರ ಊರಿಗೆ ಬಂದವರು.

ಈಗ ವಾಸನೆಯ ವಿಷಯ. ದೂರಿನ ಕರಡನ್ನು ಓದಿದೆ. "ಅನೈರ್ಮಲ್ಯದ ಚಟುವಟಿಕೆ" ಎಂದು ಬರೆದಿದ್ದೀರಿ. ವೆರ್ಸೋವಾದಲ್ಲಿ ಬೊಂಬಿಲ್ ಮೀನು ಒಣಗಿಸುವುದನ್ನು ನಿಮ್ಮಲ್ಲಿ ಎಷ್ಟು ಮಂದಿ ಹತ್ತಿರ ನಿಂತು ನೋಡಿದ್ದೀರೋ ತಿಳಿಯದು. ಆ ಮೀನನ್ನು ಹಿಡಿಯುವುದು ಡೋಲ್ ಬಲೆಯಲ್ಲಿ. ಉಬ್ಬರ-ಇಳಿತದ ಸೆಳೆತಕ್ಕೆ ಎದುರಾಗಿ ಚೀಲದಂಥ ಬಲೆಯನ್ನು ಕಟ್ಟಿ, ನೀರು ತಾನಾಗಿ ಮೀನನ್ನು ತಂದು ತುಂಬುವವರೆಗೆ ಕಾಯುತ್ತಾರೆ. ಯಾವ ತಿಥಿಗೆ ಸೆಳೆತ ಎಷ್ಟು, ಯಾವ ಗಾಳಿಗೆ ನೀರು ಎತ್ತ ತಿರುಗುತ್ತದೆ ಎಂಬ ತಿಳಿವಳಿಕೆ ಇಲ್ಲದೆ ಈ ಬಲೆ ನಡೆಯುವುದಿಲ್ಲ. ಬೊಂಬಿಲ್ ನೀರು ತುಂಬಿದ ಮೀನು, ಬೇಗ ಕೆಡುತ್ತದೆ. ದಡಕ್ಕೆ ಬಂದ ಕೂಡಲೇ ಹೆಂಗಸರು ಎರಡೆರಡು ಮೀನುಗಳ ಬಾಯಿಯನ್ನು ಒಂದಕ್ಕೊಂದು ಸಿಕ್ಕಿಸಿ, ಬಿದಿರಿನ ಕಂಬಗಳ ನಡುವೆ ಎಳೆದ ಹಗ್ಗದ ಮೇಲೆ ಜೋತು ಹಾಕುತ್ತಾರೆ. ಬಿಸಿಲು, ಕಡಲ ಗಾಳಿ, ಅಷ್ಟೇ. ಯಂತ್ರವಿಲ್ಲ, ವಿದ್ಯುತ್ ಇಲ್ಲ. ಮಳೆಗಾಲದಲ್ಲಿ ಮಾರಲು, ಉಣ್ಣಲು ಕೂಡಿಡುವುದು ಇದನ್ನೇ. ಜೂನ್ 1ರಿಂದ ಜುಲೈ 31ರವರೆಗೆ ಮಹಾರಾಷ್ಟ್ರದಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆ ಎರಡು ತಿಂಗಳು ಸಂಪಾದನೆಯಿಲ್ಲದ ಮನೆಯ ಒಲೆ ಉರಿಯುವುದು ಈ ಒಣಮೀನಿನಿಂದ.

ಮಲ್ಪೆ, ಗಂಗೊಳ್ಳಿ, ಉಳ್ಳಾಲದ ಕಡೆಯಿಂದ ಬಂದ ನಿಮಗೆ ಇದನ್ನು ನಾನು ವಿವರಿಸಬೇಕಾಗಿ ಬಂದದ್ದೇ ನೋವಿನ ಸಂಗತಿ. ಊರಿನಲ್ಲಿ ಮಳೆ ಹಿಡಿದ ದಿನ ಸುಟ್ಟ ಒಣಮೀನಿನ ಚಟ್ನಿಗೆ ಕುಚ್ಚಲಕ್ಕಿ ಗಂಜಿ ಸುರಿದುಕೊಂಡವರು ನಾವು. ಶ್ರಾವಣದ ಹುಣ್ಣಿಮೆಗೆ ನಮ್ಮ ಮೊಗವೀರರು ಕಡಲಿಗೆ ಹಾಲು, ಹೂ, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವಾಗ, ಇಲ್ಲಿ ಕೋಲಿಗಳು ನಾರಳಿ ಪೂರ್ಣಿಮೆ ಎಂದು ಅದನ್ನೇ ಮಾಡುತ್ತಾರೆ. ನಮ್ಮ ಜನ ಈ ನಗರಕ್ಕೆ ಬಂದಾಗ ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತರು. ನನ್ನ ತಂದೆಯೂ ಅವರಲ್ಲಿ ಒಬ್ಬರು. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಷ್ಟು ಹಿಂದೆಯೇ ಇಲ್ಲಿ ಹುಟ್ಟಿಕೊಂಡದ್ದು, ಪರಊರಿನಲ್ಲಿ ನಮ್ಮವರಿಗೊಂದು ನೆಲೆ ಬೇಕು ಎಂಬ ಕಾರಣಕ್ಕೆ. ಆಗ ಈ ನಗರ ನಮ್ಮ ವಾಸನೆಯ ಮೇಲೆ ದೂರು ಕೊಟ್ಟಿದ್ದರೆ ನಾವು ಎಲ್ಲಿರುತ್ತಿದ್ದೆವು? ಬುಟ್ಟಿ ಹೊತ್ತು ಬರುವ ಕೋಲಿ ಹೆಂಗಸನ್ನು ಗೇಟಿನಲ್ಲಿ ತಡೆದು, ಅದೇ ಬಂಗಡೆಯನ್ನು ಥರ್ಮಾಕೋಲ್ ಡಬ್ಬಿಯಲ್ಲಿ ಮೊಬೈಲ್ ಆ್ಯಪ್‌ನಿಂದ ತರಿಸಿಕೊಳ್ಳುವುದರಲ್ಲಿ ಶುಚಿತ್ವದ ಪ್ರಶ್ನೆ ಎಲ್ಲಿದೆ, ಹೇಳಿ.

ಗಲ್ಲಿಯ ಗೇಟಿನ ಬಗ್ಗೆ ನನ್ನ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಆ ಗಲ್ಲಿ ಯಾವ ಸೊಸೈಟಿಯ ಸ್ವತ್ತೂ ಅಲ್ಲ. ಅದು ಮುಟ್ಟುವ ಮರಳಂತೂ ಯಾರೊಬ್ಬರದೂ ಅಲ್ಲ. ಹೋಟೆಲೊಂದು ನದಿಯ ದಿಕ್ಕನ್ನೇ ತಿರುಗಿಸಿದ ಕಮಲ್‌ನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸ್ಪಷ್ಟವಾಗಿ ಹೇಳಿದೆ: ಕಡಲತೀರ, ಹರಿಯುವ ನೀರು, ಗಾಳಿ, ಕಾಡು ಇವೆಲ್ಲ ಜನರೆಲ್ಲರ ಉಪಯೋಗಕ್ಕೆ ಇರುವಂಥವು, ಸರ್ಕಾರ ಅವುಗಳ ಟ್ರಸ್ಟಿ ಮಾತ್ರ. ಸರ್ಕಾರವೇ ಒಡೆಯನಲ್ಲದ ವಸ್ತುವಿಗೆ ಒಂದು ಹೌಸಿಂಗ್ ಸೊಸೈಟಿ ಬೀಗ ಹಾಕುವುದು ಹೇಗೆ? ಆ ಗಲ್ಲಿಯಲ್ಲಿ ಸಂಜೆ ಬರುವವರು ಯಾರು ಎಂದು ನಾನು ದಿನವೂ ಬಾಲ್ಕನಿಯಿಂದ ನೋಡುತ್ತೇನೆ. ನೆಹರೂ ನಗರದ ಝೋಪಡಿಗಳಿಂದ ಮಕ್ಕಳನ್ನು ಕಟ್ಟಿಕೊಂಡು ಬರುವ ತಾಯಂದಿರು, ಕಾಲೇಜು ಹುಡುಗ ಹುಡುಗಿಯರು, ಮೊದಲ ಸಲ ಕಡಲು ನೋಡಲು ಬಿಹಾರದಿಂದಲೋ ವಿದರ್ಭದಿಂದಲೋ ಬಂದ ಮುದುಕ ಮುದುಕಿಯರು. ಚಪ್ಪಲಿ ಕೈಯಲ್ಲಿ ಹಿಡಿದು, ಸೀರೆ ಮಡಚಿ ನೀರಿಗೆ ಇಳಿಯುತ್ತಾರೆ. ಭೇಲ್ ತಿನ್ನುತ್ತಾರೆ, ಗೋಲಾ ಚೀಪುತ್ತಾರೆ, ಕತ್ತಲಾದ ಮೇಲೆ ಮನೆಗೆ ಹೋಗುತ್ತಾರೆ. ಹಗಲಿಡೀ ದುಡಿಯುವವರಿಗೆ ಬಿಡುವು ಸಿಗುವುದೇ ಸಂಜೆ. ಗೇಟು ಮುಚ್ಚುವುದೂ ಸಂಜೆಯಿಂದಲೇ.

ಸುರಕ್ಷತೆಯ ಮಾತನ್ನು ಸಭೆಯಲ್ಲಿ ಆಡಿದ್ದೀರಿ. ಸರ ಎಳೆದ ಪ್ರಕರಣ, ಕುಡುಕರ ಗಲಾಟೆ, ಭಾನುವಾರ ನಟರ ಬಂಗಲೆ ಮುಂದೆ ಜನ ಸೇರಿ ಕಾರು ತೆಗೆಯಲಾಗದ ಸ್ಥಿತಿ, ಇವು ಸುಳ್ಳಲ್ಲ. ನಾನೂ ಒಂಟಿಯಾಗಿ ಬದುಕುವ ಹೆಂಗಸು, ಭಯ ನನಗೂ ಇದೆ. ಆದರೆ ಜನ ಓಡಾಡುವ, ದೀಪ ಉರಿಯುವ ಗಲ್ಲಿ ಬೀಗ ಹಾಕಿದ ಗಲ್ಲಿಗಿಂತ ಸುರಕ್ಷಿತ. ಗೇಟಿಗೂ ಕಾರ್ಡಿನ ಯಂತ್ರಕ್ಕೂ ತೆಗೆದಿಟ್ಟ ಹಣದಲ್ಲಿ ಎರಡು ಒಳ್ಳೆಯ ದೀಪದ ಕಂಬ ಬರುತ್ತದೆ. ಇನ್ನೊಂದು ವಿಷಯವನ್ನು ಮರೆಯಬೇಡಿ. 2023ರ ಜೂನ್‌ನಲ್ಲಿ ಬಿಪರ್‌ಜಾಯ್ ಚಂಡಮಾರುತದಿಂದ ಕಡಲು ಹುಚ್ಚೆದ್ದಿದ್ದಾಗ ಜುಹೂವಿನ ನೀರಿಗಿಳಿದ ಹುಡುಗರು ಮುಳುಗಿ ಸತ್ತರು. ಹುಡುಕಲು, ರಕ್ಷಿಸಲು ಓಡಬೇಕಾದವರಿಗೆ ದಡಕ್ಕೆ ಹತ್ತಿರದ ದಾರಿ ಇಂಥ ಗಲ್ಲಿಗಳೇ. ಅಂಥ ಹೊತ್ತಿನಲ್ಲಿ ಕಾರ್ಡು ಯಾರ ಬಳಿ ಇದೆ ಎಂದು ಹುಡುಕುತ್ತ ನಿಲ್ಲಬೇಕೇ?

ಲಿಫ್ಟಿನ ಬೋರ್ಡಿನ ಬಗ್ಗೆ ಬರೆಯುವಾಗ ನನ್ನ ಕೈ ನಡುಗುತ್ತದೆ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ, ಮುದುಕರ ಮೈ ತೊಳೆಸುವ ಹೆಂಗಸರಲ್ಲಿ ಕನ್ನಡದವರೂ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬರಗಾಲಕ್ಕೆ ಬೆನ್ನು ತಿರುಗಿಸಿ ಬಂದವರು. ಗಂಡ ಕಟ್ಟಡದ ಕೆಲಸಕ್ಕೆ ಬೆಳಿಗ್ಗೆ ಕೂಲಿಯವರು ಸೇರುವ ಕೂಡುರಸ್ತೆಯ ನಾಕಾದಲ್ಲಿ ನಿಲ್ಲುತ್ತಾನೆ, ಹೆಂಡತಿ ನಮ್ಮ ಗೇಟಿಗೆ ಬರುತ್ತಾಳೆ. ಗೇಟಿನಲ್ಲಿ ಹೆಸರು ಬರೆಸಬೇಕು, ಚೀಲ ಬಿಚ್ಚಿ ತೋರಿಸಬೇಕು, ಹಿಂದಿನ ಲಿಫ್ಟಿನಲ್ಲಿ ಕಸದ ಡ್ರಮ್ಮಿನ ಜೊತೆ ಹತ್ತಬೇಕು. ಪಕ್ಕದ ಟವರಿನಲ್ಲಿ ಈ ನಿಯಮ ಈಗಾಗಲೇ ಇದೆ. ಅಲ್ಲಿ ಕೆಲಸ ಮಾಡುವ ಯಾದಗಿರಿಯ ಹೆಣ್ಣುಮಗಳೊಬ್ಬಳು ನನ್ನ ಬಳಿ ಹೇಳಿದ ಮಾತು: "ಅಕ್ಕಾರ, ಆ ಲಿಫ್ಟ್ ಕೆಟ್ಟಾಗೆಲ್ಲ ಹನ್ನೊಂದನೇ ಮಾಳಿಗಿ ಹತ್ತಬೇಕ್ರಿ. ಮುಂದಿಂದು ಖಾಲಿ ನಿಂತಿರತೈತಿ, ಆದ್ರ ನಮಗ ಮುಟ್ಟೂಹಂಗಿಲ್ಲ. ಮಣಕಾಲ ಎಳೀತಾವ್ರಿ."

ನಮ್ಮ ಮಗುವನ್ನು ಎತ್ತಿಕೊಳ್ಳುವ ಕೈ, ನಮ್ಮ ಚಪಾತಿ ಹಿಟ್ಟು ಕಲಸುವ ಕೈ, ಲಿಫ್ಟಿನ ಬಟನ್ ಒತ್ತಿದರೆ ಮೈಲಿಗೆಯಾಗುವುದೇ? ಹೌದು, ಮೈಲಿಗೆ ಎಂದೇ ಬರೆಯುತ್ತಿದ್ದೇನೆ. ಅದಕ್ಕೆ ಇನ್ನೊಂದು ಹೆಸರು ನನಗೆ ಕಾಣುತ್ತಿಲ್ಲ. ಉಡುಪಿ, ಮಂಗಳೂರಿನ ನಮ್ಮ ಅಜ್ಜ ಅಜ್ಜಿಯರಲ್ಲಿ ಎಷ್ಟೋ ಮಂದಿ ಯಾರದೋ ಅಂಗಳದ ಹೊರಗೆ ನಿಂತು ಕೂಲಿ ಪಡೆದವರು. ಆ ಅಂಗಳವನ್ನು ದಾಟಲು ನಾವು ಎರಡು ತಲೆಮಾರು ತೆಗೆದುಕೊಂಡೆವು. ಈಗ ನಾವೇ ಅಂಗಳಕ್ಕೆ ಗೆರೆ ಎಳೆಯುತ್ತಿದ್ದೇವೆ. ಮಹಾರಾಷ್ಟ್ರದಲ್ಲಿ ಮನೆಗೆಲಸದವರಿಗೆ ಕಲ್ಯಾಣ ಮಂಡಳಿ ಸ್ಥಾಪಿಸುವ ಕಾಯ್ದೆ 2008ರಲ್ಲೇ ಬಂದಿದೆ. ನಿಮ್ಮ ಮನೆಗೆಲಸದ ಬಾಯಿ (ಹೆಂಗಸು) ಅದರಲ್ಲಿ ನೋಂದಾಯಿಸಿಕೊಂಡಿದ್ದಾಳೆಯೇ ಎಂದು ನಿಮ್ಮಲ್ಲಿ ಯಾರಾದರೂ ಎಂದಾದರೂ ಕೇಳಿದ್ದುಂಟೇ? ನಾನು ನಮ್ಮ ಕಟ್ಟಡದಲ್ಲಿ ಮನೆ ಮನೆಗೆ ಹೋಗಿ ಕೇಳಿದೆ, ಅಂಥದ್ದೊಂದು ಇದೆಯೆಂದೇ ಬಹಳ ಜನರಿಗೆ ಗೊತ್ತಿರಲಿಲ್ಲ.

ಶೌಚಾಲಯದ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ಹನ್ನೆರಡು ತಾಸಿನ ಪಾಳಿ ಮಾಡುವ ವಾಚ್‌ಮನ್, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾಲ್ಕೈದು ಮನೆ ಮುಗಿಸುವ ಬಾಯಿ, ಕಾರಿನೊಳಗೇ ಕಾಯುವ ಡ್ರೈವರ್, ಇವರಿಗೆಲ್ಲ ನಮ್ಮ ಕಂಪೌಂಡಿನಲ್ಲಿ ಇರುವುದು ಪಂಪ್ ರೂಮಿನ ಹಿಂದಿನ ಒಂದು ಮುರುಕು ಬಾಗಿಲಿನ ಕೋಣೆ. ಅದಕ್ಕೂ ಬಹಳ ಸಲ ಬೀಗ. ಹೆಂಗಸರು ನೀರು ಕುಡಿಯದೆ ದಿನ ಕಳೆಯುತ್ತಾರೆ. ಕೋಟಿಗಟ್ಟಲೆ ಬೆಲೆಯ ಮನೆಗಳಿರುವ ಆವರಣದಲ್ಲಿ ಮನುಷ್ಯರು ಮೂತ್ರ ಕಟ್ಟಿಕೊಂಡು ದುಡಿಯುತ್ತಿದ್ದಾರೆ. ಲಾಬಿಗೆ ಇಟಲಿಯ ಮಾರ್ಬಲ್ ಹಾಕುವ ಠರಾವು ಒಂದೇ ಸಭೆಯಲ್ಲಿ ಪಾಸಾಯಿತು. ಈ ಕೋಣೆಯ ಬಾಗಿಲು ಬದಲಿಸುವ ವಿಷಯ ಸಭೆಯಿಂದ ಸಭೆಗೆ ಮುಂದೂಡುತ್ತಲೇ ಇದೆ.

ಕೊಳಕಿನ ಬಗ್ಗೆ ಮಾತಾಡುವುದಾದರೆ ಪೂರ್ತಿ ಮಾತಾಡೋಣ. ಜುಹೂ ಕಡಲನ್ನು ಕೆಡಿಸುತ್ತಿರುವುದು ಒಣಮೀನು ಅಲ್ಲ. ನಮ್ಮ ಫ್ಲಶ್ಶಿನ ನೀರು, ನಮ್ಮ ಕಾರ್ಪೆಟ್ ತೊಳೆದ ನೀರು, ನಮ್ಮ ಅಡುಗೆಮನೆಯ ಎಣ್ಣೆ ಕೊನೆಗೆ ಸೇರುವುದು ಎಲ್ಲಿಗೆ? ಈ ನಗರದ ಮಲಿನ ನೀರನ್ನು ಶುದ್ಧಗೊಳಿಸಲು ಏಳು ಹೊಸ ಘಟಕಗಳ ಕೆಲಸ ಹಿಡಿದಿದ್ದಾರೆ, ವೆರ್ಸೋವಾವೂ ಅವುಗಳಲ್ಲಿ ಒಂದು. ಅಷ್ಟು ದೊಡ್ಡ ಕೆಲಸ ಬೇಕಾಗಿ ಬಂದದ್ದೇ ಇಷ್ಟು ವರ್ಷ ಕಡಲಿಗೆ ನಾವು ಏನು ಕಳಿಸಿದೆವು ಎಂಬುದಕ್ಕೆ ಸಾಕ್ಷಿ. ಪ್ರತಿ ಮಳೆಗಾಲದಲ್ಲಿ ದೊಡ್ಡ ಉಬ್ಬರದ ಮರುದಿನ ದಡದಲ್ಲಿ ಬಿದ್ದಿರುವುದನ್ನು ನೋಡಿ: ಹಾಲಿನ ಪೊಟ್ಟಣ, ಶಾಂಪೂ ಸ್ಯಾಶೆ, ಡೈಪರ್, ಚಪ್ಪಲಿ, ಆನ್‌ಲೈನ್ ಅಂಗಡಿಗಳ ಗುಳ್ಳೆ ಹಾಳೆ. ಅದರ ನಡುವೆ ಡಾಂಬರಿನ ಉಂಡೆಗಳು. ಮೀನುಗಾರರ ಬಲೆಗೆ ಮೀನಿನ ಜೊತೆ ಸಿಗುವುದೂ ಇದೇ. ಅವರು ಬಲೆ ಬಿಡಿಸಿ ನಮ್ಮ ಪ್ಲಾಸ್ಟಿಕ್ ಆರಿಸುತ್ತಾರೆ, ನಾವು ಅವರ ಮೇಲೆ ದೂರು ಬರೆಯುತ್ತೇವೆ.

ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದನ್ನೂ ಇದೇ ಕಡಲತಡಿ ತೋರಿಸಿದೆ. ವೆರ್ಸೋವಾದಲ್ಲಿ ವಕೀಲ ಅಫ್ರೋಜ್ ಷಾ 2015ರಲ್ಲಿ ಕಸ ಎತ್ತಲು ಶುರು ಮಾಡಿದರು. ವಾರ ವಾರವೂ ಜನ ಕೂಡಿದರು, ಕೋಲಿವಾಡದವರು, ಝೋಪಡಿಯವರು, ಸೊಸೈಟಿಯವರು, ಶಾಲೆಯ ಮಕ್ಕಳು. 2016ರಲ್ಲಿ ವಿಶ್ವಸಂಸ್ಥೆ ಅವರಿಗೆ ಪರಿಸರದ ದೊಡ್ಡ ಪ್ರಶಸ್ತಿ ಕೊಟ್ಟಿತು. 2018ರ ಮಾರ್ಚ್‌ನಲ್ಲಿ ಆ ಮರಳಿನಿಂದ ಆಲಿವ್ ರಿಡ್ಲೆ ಆಮೆಯ ಮರಿಗಳು ಹೊರಬಂದು ನೀರಿಗೆ ಹೋದವು. ಅಲ್ಲಿ ಯಾವ ಗೇಟೂ ಹಾಕಿರಲಿಲ್ಲ, ಯಾರನ್ನೂ ಹೊರಗಿಟ್ಟಿರಲಿಲ್ಲ. ಇನ್ನು ನಮ್ಮ ಕಾನೂನಿನ ಕರ್ತವ್ಯ: 5,000 ಚದರ ಮೀಟರಿಗಿಂತ ದೊಡ್ಡ ವಸತಿ ಸಮುಚ್ಚಯಗಳು ಹಸಿ ಕಸವನ್ನು ಆದಷ್ಟು ಮಟ್ಟಿಗೆ ಆವರಣದೊಳಗೇ ಗೊಬ್ಬರ ಮಾಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ನಮ್ಮ ಸುತ್ತಲಿನ ಎಷ್ಟು ದೊಡ್ಡ ಟವರುಗಳಲ್ಲಿ ಗೊಬ್ಬರದ ಗುಂಡಿ ಕೆಲಸ ಮಾಡುತ್ತಿದೆ? ಕಂಡದ್ದನ್ನು ಹೇಳುತ್ತೇನೆ: ಪಕ್ಕದ ಆವರಣದಲ್ಲಿ ತಂದಿಟ್ಟ ಯಂತ್ರದ ಮೇಲೆ ಹಳೆಯ ಸೋಫಾ ಕೂತಿದೆ.

ಪ್ರವಾಹದ ಬಗ್ಗೆ ಎರಡು ಮಾತು. 2005ರ ಜುಲೈ 26ರಂದು ಸಾಂತಾಕ್ರೂಜ್ ಕೇಂದ್ರದಲ್ಲಿ ಒಂದು ದಿನದಲ್ಲಿ ದಾಖಲಾದ ಮಳೆ 944 ಮಿ.ಮೀ. ಕಡಲು ಉಬ್ಬರದಲ್ಲಿದ್ದರೆ ನಾಲಾದ ನೀರು ಹೊರಗೆ ಹೋಗುವುದಿಲ್ಲ, ನಮ್ಮ ಕಂಪೌಂಡಿಗೇ ಹಿಂತಿರುಗುತ್ತದೆ. ಅಂದು ನಮ್ಮ ಕೆಳಮಾಳಿಗೆಯ ಹಿರಿಯರನ್ನು ಹೆಗಲ ಮೇಲೆ ಹೊತ್ತು ಮೇಲೆ ತಂದವರು ವಾಚ್‌ಮನ್ನರು ಮತ್ತು ಝೋಪಡಿಯ ಹುಡುಗರು. ಮುಂದಿನ ಮೆಟ್ಟಿಲಿನಿಂದಲೇ ತಂದರು. ಆಮೇಲೆ ಇರ್ಲಾದಲ್ಲಿ ಪಂಪಿಂಗ್ ಸ್ಟೇಷನ್ ಬಂತು, ಒಳ್ಳೆಯದಾಯಿತು. ಆದರೆ 2019ರ ಕರಾವಳಿ ನಿಯಂತ್ರಣ ಅಧಿಸೂಚನೆಯ ನಂತರ ಇಲ್ಲಿ ಹೆಚ್ಚು ಎತ್ತರಕ್ಕೆ ಕಟ್ಟಲು ದಾರಿ ತೆರೆದಿದೆ, ಹಳೆಯ ಮೂರು ನಾಲ್ಕು ಮಾಳಿಗೆಯ ಕಟ್ಟಡಗಳು ಒಂದೊಂದಾಗಿ, ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಹೊಸ ನಕ್ಷೆಗಳನ್ನು ನೋಡಿದ್ದೇನೆ. ಕಂಪೌಂಡಿನ ಅಂಚಿನಿಂದ ಅಂಚಿಗೆ ನೆಲದಡಿಯ ಪಾರ್ಕಿಂಗ್, ಮೇಲೆ ಕಾಂಕ್ರೀಟು, ಅದರ ಮೇಲೆ ಕುಂಡದಲ್ಲಿ ಗಿಡ. ಮಳೆ ನೀರು ಇಂಗುವ ಮಣ್ಣು ಒಂದು ಚಾಪೆಯಷ್ಟೂ ಉಳಿಯುವುದಿಲ್ಲ. ಕಾರಿಗೆ ಜಾಗ ಬಿಡುವ ನಾವು ನೀರಿಗೆ ಜಾಗ ಬಿಡದಿದ್ದರೆ ಅದು ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ.

ಮೀನುಗಾರರ ಮಾತಿಗೆ ಕಿವಿಗೊಡಬೇಕು ಎಂದು ನಾನು ಭಾವುಕಳಾಗಿ ಹೇಳುತ್ತಿಲ್ಲ. ವರ್ಲಿಯಲ್ಲಿ ಕೋಸ್ಟಲ್ ರೋಡಿನ ಸೇತುವೆಯ ಕಂಬಗಳ ನಡುವಿನ ಅಂತರ 60 ಮೀಟರ್ ಎಂದು ಎಂಜಿನಿಯರುಗಳು ನಿಗದಿ ಮಾಡಿದ್ದರು. ಬೀಸುಗಾಳಿಯಲ್ಲಿ ನಮ್ಮ ದೋಣಿಗಳು ಅದರೊಳಗೆ ನುಸುಳಲಾರವು, ಕಂಬಕ್ಕೆ ಬಡಿದು ಒಡೆಯುತ್ತವೆ ಎಂದು ವರ್ಲಿ ಕೋಲಿವಾಡದವರು ಹೇಳಿದರು. ಮೊದಲು ಯಾರೂ ಕೇಳಲಿಲ್ಲ. ಅವರು ದೋಣಿಗಳೊಂದಿಗೆ ನೀರಿನಲ್ಲೇ ಅಡ್ಡ ನಿಂತರು. ಕಡೆಗೆ 2022ರ ಕೊನೆಯಲ್ಲಿ ಅಂತರವನ್ನು 120 ಮೀಟರ್ ಮಾಡಲು ಸರ್ಕಾರ ಒಪ್ಪಿತು. ಈಗ ವೆರ್ಸೋವಾ–ಬಾಂದ್ರಾ ಸೇತುವೆ ನಮ್ಮ ಕಣ್ಣೆದುರಿನ ಕಡಲಿನಲ್ಲೇ ಬರುತ್ತಿದೆ. ಕಾರಿನಲ್ಲಿ ಬೇಗ ದಕ್ಷಿಣ ಮುಂಬಯಿ ಮುಟ್ಟಬಹುದು ಎಂದು ನಮ್ಮಲ್ಲಿ ಸಂತೋಷವಿದೆ. ಅದರ ಕಷ್ಟ ಮೊದಲು ತಟ್ಟುವುದು ಯಾರಿಗೆ ಎಂದು ತಿಳಿಯಬೇಕಾದರೆ ಕೋಲಿವಾಡದವರನ್ನು ಕೂರಿಸಿಕೊಂಡು ಕೇಳಬೇಕು. ದೂರು ಕೊಟ್ಟವರ ಜೊತೆ ಅವರು ಯಾಕೆ ಕೂರುತ್ತಾರೆ?

"ನಾವು ತೆರಿಗೆ ಕಟ್ಟುತ್ತೇವೆ, ಮೆಂಟೆನೆನ್ಸ್ ಕಟ್ಟುತ್ತೇವೆ, ಸಾಲ ಮಾಡಿ ಮನೆ ಕೊಂಡಿದ್ದೇವೆ" ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ನಿಜ. ನೀವು ಕೊಂಡದ್ದು ಕಾರ್ಪೆಟ್ ಏರಿಯಾವನ್ನು, ಅಂದರೆ ಗೋಡೆಗಳೊಳಗಿನ ಜಾಗವನ್ನು. ಕಡಲಿನ ನೋಟಕ್ಕೆಂದು ಬಿಲ್ಡರ್ ಹೆಚ್ಚು ಬೆಲೆ ಹಾಕಿರಬಹುದು, ಆದರೆ ಕಡಲು ಅವನದಾಗಿರಲಿಲ್ಲ. ತೆರಿಗೆಯ ಮಾತಾದರೆ, ಝೋಪಡಿಯವರು ಕೊಳ್ಳುವ ಬೆಂಕಿಪೆಟ್ಟಿಗೆಯಲ್ಲೂ ಸರ್ಕಾರಕ್ಕೆ ಪಾಲಿದೆ.

ನನ್ನ ಬೇಡಿಕೆಗಳು ಇವು. ಮೀನಿನ ವಿರುದ್ಧದ ಜಂಟಿ ದೂರಿಗೆ ಯಾರೂ ಸಹಿ ಹಾಕಬೇಡಿ. ಈಗಾಗಲೇ ಹಾಕಿದವರು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಮೀನಿನ ಹೆಂಗಸರಿಗೆ ಬೆಳಗಿನ ಹೊತ್ತು ಗೇಟಿನೊಳಗೆ ನೆರಳಿನಲ್ಲಿ ಕೂರಲು ಜಾಗ, ಕೈ ತೊಳೆಯಲು ಒಂದು ನಲ್ಲಿ ಕೊಡಿ. ಅಲ್ಲೇ ಶುಚಿ ಮಾಡಿ ಹೋಗುವ ಜವಾಬ್ದಾರಿ ಅವರು ಹೊರುತ್ತಾರೆ, ನಾನು ಮಾತಾಡಿದ್ದೇನೆ. ಗಲ್ಲಿಯ ಗೇಟಿನ ಠರಾವು ರದ್ದಾಗಲಿ, ಆ ಹಣ ದೀಪಕ್ಕೆ ಹೋಗಲಿ. ಲಿಫ್ಟಿನ ಬೋರ್ಡು ಎಲ್ಲೂ ಬೇಡ. ಹಾಕಿರುವ ಕಡೆ ತೆಗೆಯಿರಿ. ಮನೆಸಾಮಾನಿಗೂ ಕಸಕ್ಕೂ ಬೇರೆ ಲಿಫ್ಟು ಇರಲಿ, ಮನುಷ್ಯರಿಗೆ ಒಂದೇ ಇರಲಿ. ಕೆಲಸದವರಿಗೆ, ಹೆಂಗಸರಿಗೇ ಬೇರೆಯಾಗಿ, ಬೀಗವಿಲ್ಲದ ಒಂದು ಶೌಚಾಲಯ ಈ ದೀಪಾವಳಿಯೊಳಗೆ ಆಗಬೇಕು. ಕಲ್ಯಾಣ ಮಂಡಳಿಯ ನೋಂದಣಿಗೆ ಮನೆಯವರ ಪತ್ರ ಬೇಕಾದರೆ ಅದನ್ನು ನೀವೇ ಬರೆದುಕೊಡಿ. ಅರ್ಜಿ ತುಂಬುವ ಕೆಲಸ ನನಗೆ ಬಿಡಿ, ಬ್ಯಾಂಕಿನಲ್ಲಿ ಅದನ್ನೇ ಮಾಡಿದವಳು. ರೀಡೆವಲಪ್‌ಮೆಂಟಿಗೆ ಹೋಗುವ ಸೊಸೈಟಿಗಳು ಬಿಲ್ಡರ್ ಜೊತೆಗಿನ ಒಪ್ಪಂದದಲ್ಲಿ ಬರಿ ಮಣ್ಣಿನ ಜಾಗ ಇಷ್ಟು ಉಳಿಯಬೇಕೆಂಬ ಷರತ್ತನ್ನು ಸಹಿಗೆ ಮುಂಚೆಯೇ ಬರೆಸಿ, ಆಮೇಲೆ ಅವರು ಬಗ್ಗುವುದಿಲ್ಲ.

ಕಾನೂನಿನಂತೆ ಪ್ರತಿ ಸೊಸೈಟಿಯೂ ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು. ಆ ಸಭೆಯ ವಿಷಯಪಟ್ಟಿಯಲ್ಲಿ ಈ ಠರಾವುಗಳ ಮರುಪರಿಶೀಲನೆ ಸೇರಿಸಬೇಕೆಂದು ನಮ್ಮ ಕಾರ್ಯದರ್ಶಿಯವರಿಗೆ ಬರೆದು ಕೊಟ್ಟಿದ್ದೇನೆ, ಸ್ವೀಕೃತಿಯ ಸಹಿ ಪಡೆದಿದ್ದೇನೆ. ನೀವೂ ನಿಮ್ಮ ನಿಮ್ಮ ಸೊಸೈಟಿಗಳಲ್ಲಿ ಹಾಗೆ ಮಾಡಿ. ನಮ್ಮಲ್ಲಿ ಸೂಚಕಳಾಗಿ ನಾನು ನಿಲ್ಲುತ್ತೇನೆ, ಅನುಮೋದಿಸಲು ಒಬ್ಬರು ಬೇಕು. ನಮ್ಮ ಸೊಸೈಟಿಯ ಕನ್ನಡಿಗರಲ್ಲಿ ಯಾರು ಮುಂದೆ ಬರುತ್ತೀರಿ ಎಂಬುದನ್ನು ಸಭೆಯ ನೋಟಿಸು ಹೊರಡುವ ಮುನ್ನ ನನಗೆ ತಿಳಿಸಬೇಕಾಗಿ ವಿನಂತಿ.

ಇತಿ ನಿಮ್ಮ ವಿಶ್ವಾಸಿ,
ಜುಹೂವಿನ ಒಬ್ಬ ನಿವಾಸಿ